ಕರೆಂಟು ಹೋದಾಗ ನಡೆಯುವ ಪರೀಕ್ಷೆ: ಮನೆಯಲ್ಲೇ ಕಟ್ಟಿದ ಅಕ್ವೇರಿಯಂ ಸಂಪಿನ ವಿಮರ್ಶೆ

ಬೆಂಗಳೂರಿನಲ್ಲಿ ಸಂಪು ಎಂದರೆ ಮನೆಯ ಮುಂದೆ ನೆಲದಡಿಯಲ್ಲಿರುವ ನೀರಿನ ತೊಟ್ಟಿ. ಕಾವೇರಿ ನೀರು ಬಿಟ್ಟ ದಿನ ಅದು ತುಂಬಿಕೊಳ್ಳುತ್ತದೆ, ಮೋಟಾರು ಹಾಕಿದಾಗ ಅಲ್ಲಿಂದ ನೀರು ಮಾಳಿಗೆಯ ಟ್ಯಾಂಕಿಗೆ ಏರುತ್ತದೆ. ಮೀನಿನ ತೊಟ್ಟಿಗೆ ಕಟ್ಟುವ ಸಂಪೂ ಹೆಚ್ಚುಕಡಿಮೆ ಇದೇ ವ್ಯವಸ್ಥೆಯ ಸಣ್ಣ ರೂಪವಾದರೂ, ಇಲ್ಲಿ ಮೇಲಿನ ತೊಟ್ಟಿ ತುಂಬಿದ ನಂತರ ಮೋಟಾರು ನಿಲ್ಲುವುದಿಲ್ಲ. ಮೇಲಿನಿಂದ ಕೋಡಿ ಹರಿದ ನೀರು ಕೊಳವೆಯಲ್ಲಿ ಕೆಳಗಿಳಿದು, ಸಂಪಿನ ಕೋಣೆಗಳಲ್ಲಿ ಸೋಸಿಕೊಂಡು, ಪಂಪಿನ ಮೂಲಕ ಮತ್ತೆ ಮೇಲೇರುತ್ತ ಹಗಲಿರುಳು ಸುತ್ತುತ್ತಿರುತ್ತದೆ. ನಾಲ್ಕು ಅಡಿ ಉದ್ದದ ನಮ್ಮ ಸಿಹಿನೀರಿನ ತೊಟ್ಟಿಗೆ ನಾನೇ ಕಟ್ಟಿಕೊಂಡ ಇಂಥ ಸಂಪನ್ನು ಹದಿನಾಲ್ಕು ತಿಂಗಳು ಬಳಸಿದ ನಂತರ, ಅಂಗಡಿಯಿಂದ ಕೊಂಡ ಯಾವುದೇ ಸಲಕರಣೆಯನ್ನು ಪರಿಶೀಲಿಸುವಷ್ಟೇ ಕಟ್ಟುನಿಟ್ಟಾಗಿ ಅದರ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮುಖ್ಯ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಂಪು ಕಟ್ಟುವವರು ಸಾಮಾನ್ಯವಾಗಿ ಯಾವ ಶೋಧಕ ವಸ್ತುವನ್ನು ಎಷ್ಟು ತುಂಬಬೇಕೆಂಬ ಚರ್ಚೆಯಲ್ಲೇ ಹೆಚ್ಚು ಹೊತ್ತು ಕಳೆಯುತ್ತಾರೆ, ನಾನೂ ಕಳೆದಿದ್ದೆ. ಆದರೆ ಸಂಪು ಒಳ್ಳೆಯದೋ ಕೆಟ್ಟದ್ದೋ ಎಂಬುದು ತೀರ್ಮಾನವಾಗುವುದು ಕರೆಂಟು ಹೋದ ಮೊದಲ ಎರಡು ನಿಮಿಷಗಳಲ್ಲಿ. ಆಗ ಮೇಲಿನಿಂದ ಎಷ್ಟು ನೀರು ಇಳಿಯುತ್ತದೆ, ಅಷ್ಟನ್ನು ಹಿಡಿಯುವ ಜಾಗ ಕೆಳಗೆ ಇದೆಯೇ, ಕರೆಂಟು ಬಂದ ಮೇಲೆ ಯಾರೂ ಕೈಹಾಕದೆ ಹರಿವು ತಾನಾಗಿ ಮೊದಲಿನಂತಾಗುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಉಳಿದೆಲ್ಲವನ್ನೂ ನಿಧಾನವಾಗಿ ಸರಿಪಡಿಸಿಕೊಳ್ಳಬಹುದು.

ಅಳತೆಗಳಿಲ್ಲದೆ ಈ ಮಾತು ಅರ್ಥವಾಗದು. ಮೇಲಿನ ತೊಟ್ಟಿಯ ಒಳಅಳತೆ 48 ಇಂಚು ಉದ್ದ, 18 ಇಂಚು ಅಗಲ, 18 ಇಂಚು ಎತ್ತರ. ಅಂಚಿನವರೆಗೆ ತುಂಬಿದರೆ ಸುಮಾರು 255 ಲೀಟರ್. ಅಂದರೆ ಆ ತೊಟ್ಟಿಯಲ್ಲಿ ನೀರಿನ ಮಟ್ಟ ಒಂದು ಇಂಚು ಇಳಿದರೂ 14 ಲೀಟರ್‌ಗೂ ಹೆಚ್ಚು ನೀರು ಕೆಳಗೆ ಬಂದಂತಾಯಿತು. ಸಂಪಿನ ಒಳಅಳತೆ 30 ಇಂಚು ಉದ್ದ, 12 ಇಂಚು ಅಗಲ, 14 ಇಂಚು ಎತ್ತರ. ಪೂರ್ಣ ಧಾರಣೆ ಸುಮಾರು 82 ಲೀಟರ್. ಪಂಪು ಓಡುತ್ತಿರುವಾಗ ಮೊದಲ ಎರಡು ಕೋಣೆಗಳಲ್ಲಿ 9 ಇಂಚು, ಪಂಪಿನ ಕೋಣೆಯಲ್ಲಿ 8 ಇಂಚು ನೀರು ನಿಲ್ಲುವುದರಿಂದ ಸುಮಾರು 51 ಲೀಟರ್ ತುಂಬಿರುತ್ತದೆ, 30 ಲೀಟರ್‌ನಷ್ಟು ಜಾಗ ಖಾಲಿ ಉಳಿಯುತ್ತದೆ. ಈ ಖಾಲಿ ಜಾಗ ವ್ಯರ್ಥವೆಂದು ಭಾವಿಸಿ ಅಲ್ಲಿಗೂ ನೀರು ತುಂಬಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಡೀ ವ್ಯವಸ್ಥೆಯಲ್ಲಿ ನೆಲವನ್ನೂ ಮನೆಯನ್ನೂ ಕಾಯುವುದು ಆ ಖಾಲಿ ಜಾಗವೇ.

ಕೆಲಸ ಆರಂಭವಾದದ್ದು ಗಾಜಿನ ಅಂಗಡಿಯಲ್ಲಿ. ಸಂಪಿಗೆ 5 ಮಿಲಿಮೀಟರ್ ದಪ್ಪದ ಗಾಜು ಸಾಕಾಯಿತು. ನಾನು ಮೊದಲು ಹೋದ ಅಂಗಡಿಯವರು ಹೊರಗಿನ ಗಾಜುಗಳನ್ನು ಅಚ್ಚುಕಟ್ಟಾಗಿ ಕತ್ತರಿಸಿಕೊಟ್ಟರೂ ಕೋಣೆಗಳನ್ನು ಬೇರ್ಪಡಿಸುವ ಒಳಗಿನ ಅಡ್ಡಗಾಜುಗಳನ್ನು ಸರಿಯಾಗಿ 12 ಇಂಚಿಗೇ ಕತ್ತರಿಸಿಬಿಟ್ಟರು. ತಪ್ಪು ಅವರದಷ್ಟೇ ಅಲ್ಲ, ಬರೆದುಕೊಟ್ಟ ಚೀಟಿಯಲ್ಲಿ ನಾನೇ ಒಳಅಳತೆಯನ್ನು ಹಾಗೆಯೇ ನಮೂದಿಸಿದ್ದೆ. ಅಡ್ಡಗಾಜಿನ ಎರಡೂ ಬದಿಯಲ್ಲಿ ಸಿಲಿಕೋನ್ ಕೂರಲು ಒಂದೂವರೆಯಿಂದ ಎರಡು ಮಿಲಿಮೀಟರ್ ಜಾಗ ಬೇಕು. ಬಿಗಿಯಾಗಿ ತುರುಕಿದ ಗಾಜು ಅಂಟನ್ನು ಹೊರದೂಡುವುದಲ್ಲದೆ ಪಕ್ಕದ ಗಾಜಿನ ಮೇಲೂ ಒತ್ತಡ ಹಾಕುತ್ತದೆ. ಎರಡನೆಯ ಬಾರಿ 4 ಮಿಲಿಮೀಟರ್ ಕಡಿಮೆ ಬರೆದುಕೊಟ್ಟು, ಅಂಚುಗಳನ್ನು ಉಜ್ಜಿಸಿಕೊಂಡು ತಂದೆ.

ಸಿಲಿಕೋನ್ ಆರಿಸುವಾಗ ಶಿಲೀಂಧ್ರನಾಶಕ ಬೆರೆಸಿದ ಬಚ್ಚಲುಮನೆಯ ಬಗೆಯನ್ನು ಕೊಳ್ಳಬಾರದು. ಆರುವಾಗ ವಿನೆಗರ್ ವಾಸನೆ ಬರುವ, ಅಕ್ವೇರಿಯಂಗೆ ಯೋಗ್ಯವೆಂದು ಟ್ಯೂಬಿನ ಮೇಲೆಯೇ ಬರೆದಿರುವ ಸಾದಾ ಸಿಲಿಕೋನ್ ಬೇಕು. ಮೇಲ್ಪದರ ಒಂದು ಗಂಟೆಯೊಳಗೆ ಒಣಗಿದಂತೆ ತೋರಿದರೂ ಒಳಗಿನ ಅಂಟು ಗಟ್ಟಿಯಾಗಲು ದಿನಗಳು ಬೇಕಾಗುವುದರಿಂದ ನಾನು ಒಂದು ವಾರ ಬಿಟ್ಟು, ಆಮೇಲೆ ಮಾಳಿಗೆಯ ಮೇಲೆ ಅಂಚಿನವರೆಗೆ ನೀರು ತುಂಬಿ ಎರಡು ದಿನ ನಿಲ್ಲಿಸಿ ನೋಡಿದೆ. ಹದಿನಾಲ್ಕು ತಿಂಗಳಲ್ಲಿ ಒಂದು ಕೀಲಿನಲ್ಲೂ ಹನಿ ಒಸರಿಲ್ಲ.

ನೀರನ್ನು ಕೆಳಗಿಳಿಸುವ ಬಗೆಯೇ ಈ ಯೋಜನೆಯ ಅತಿ ಕಷ್ಟದ ಭಾಗವಾಗಿತ್ತು. ಮೀನುಗಳಿರುವ ತೊಟ್ಟಿಯನ್ನು ಬರಿದು ಮಾಡಿ ಗಾಜು ಕೊರೆಸಲು ಮನಸ್ಸಾಗದೆ, ಮೊದಲ ಎರಡು ತಿಂಗಳು ಪಿವಿಸಿ ಎಲ್ಬೋ ಮತ್ತು ಟೀಗಳನ್ನು ಜೋಡಿಸಿ ತೊಟ್ಟಿಯ ಅಂಚಿನ ಮೇಲಿಂದ ಬಾಗಿ ಇಳಿದು ನೀರನ್ನು ತಾನಾಗಿ ಎಳೆದುಕೊಳ್ಳುವ ಕೊಳವೆಯನ್ನು, ಅಂದರೆ ಸೈಫನ್ನನ್ನು, ಬಳಸಿದೆ. ಪಂಪು ನಿಂತಾಗಲೂ ಬಾಗಿದ ಕೊಳವೆಯಲ್ಲಿ ನೀರು ಉಳಿದು, ಕರೆಂಟು ಬಂದೊಡನೆ ಮತ್ತೆ ಹರಿಯಲಾರಂಭಿಸುವ ಈ ತಂತ್ರ ಮೊದಲ ದಿನ ನೋಡುವವರಿಗೆ ಬಹಳ ಮೆಚ್ಚುಗೆಯಾಗುತ್ತದೆ. ಆದರೆ ಹರಿಯುವ ನೀರಿನಲ್ಲಿ ಬರುವ ಸಣ್ಣ ಗಾಳಿಗುಳ್ಳೆಗಳು ಬಾಗಿನ ಎತ್ತರದ ಜಾಗದಲ್ಲಿ ದಿನದಿಂದ ದಿನಕ್ಕೆ ಕೂಡಿಕೊಳ್ಳುತ್ತ ಹೋಗಿ, ಒಂದು ದಿನ ಸೈಫನ್ ಕಡಿದುಹೋಗುತ್ತದೆ. ನಮ್ಮಲ್ಲಿ ಅದು ಏಳನೆಯ ವಾರ ಕಡಿಯಿತು. ಪಂಪು ಮಾತ್ರ ನೀರನ್ನು ಮೇಲಕ್ಕೆ ತಳ್ಳುತ್ತಲೇ ಇತ್ತು.

ಅಂದು ಮನೆಯನ್ನು ಉಳಿಸಿದ್ದು ಪಂಪಿನ ಕೋಣೆಯ ಚಿಕ್ಕ ಗಾತ್ರ. 8 ಇಂಚು ಉದ್ದ, 12 ಇಂಚು ಅಗಲದ ಆ ಕೋಣೆಯಲ್ಲಿ 8 ಇಂಚು ನೀರಿದ್ದರೆ ಒಟ್ಟು ಹನ್ನೆರಡೂವರೆ ಲೀಟರ್ ಮಾತ್ರ. ಅಷ್ಟೂ ಮೇಲೇರಿದರೂ ಮೇಲಿನ ತೊಟ್ಟಿಯ ಮಟ್ಟ ಒಂದು ಇಂಚಿಗಿಂತ ಕಡಿಮೆ ಏರುತ್ತದೆ, ಮತ್ತು ಅಲ್ಲಿ ಒಂದೂಕಾಲು ಇಂಚು ಅಂಚು ಬಿಟ್ಟಿದ್ದೆ. ನೀರು ಚೆಲ್ಲಲಿಲ್ಲ, ಆದರೆ ಒಣಗಿದ ಕೋಣೆಯಲ್ಲಿ ಓಡಿದ ಪಂಪು ಬಿಸಿಯಾಗಿ ಕೆಟ್ಟುಹೋಯಿತು. ಕೊರೆಯದೆ ಕೆಲಸ ಮುಗಿಸುವ ಪಿವಿಸಿ ಕೊಳವೆಯನ್ನು ನಾನು ಈಗ ಯಾರಿಗೂ ಶಿಫಾರಸು ಮಾಡುವುದಿಲ್ಲ.

ಆ ಘಟನೆಯ ನಂತರ ಮೀನುಗಳನ್ನು ಗಾಳಿಯ ಪಂಪು ಹಾಕಿದ ಪ್ಲಾಸ್ಟಿಕ್ ಡ್ರಮ್ಮಿಗೆ ಸಾಗಿಸಿ, ತೊಟ್ಟಿಯ ಹಿಂಬದಿಯ ಗಾಜಿನಲ್ಲಿ ಎರಡು ತೂತು ಕೊರೆಸಿದೆ. ಈ ಕೆಲಸಕ್ಕೆ ಬಂದ ಗಾಜಿನ ಕೆಲಸಗಾರರು ಸುತ್ತ ಜೇಡಿಮಣ್ಣಿನ ಸಣ್ಣ ಕಟ್ಟೆ ಕಟ್ಟಿ, ಅದರಲ್ಲಿ ನೀರು ನಿಲ್ಲಿಸಿ, ವಜ್ರದ ಬಿಟ್ಟನ್ನು ಒತ್ತದೆ ಅದರ ಭಾರದಲ್ಲೇ ನಿಧಾನವಾಗಿ ಇಳಿಯಲು ಬಿಟ್ಟ ತಾಳ್ಮೆಯನ್ನು ಇಲ್ಲಿ ನೆನೆಯಲೇಬೇಕು. ಅವರು ಕೇಳಿದ 600 ರೂಪಾಯಿ ಆ ಕೌಶಲಕ್ಕೆ ಕಡಿಮೆಯೇ. ಟಫನ್ ಮಾಡಿದ, ಅಂದರೆ ಕಾಯಿಸಿ ಗಟ್ಟಿಗೊಳಿಸಿದ, ಗಾಜನ್ನು ಕೊರೆಯಲಾಗುವುದಿಲ್ಲ, ಕೊರೆಯಲು ಹೋದರೆ ಇಡೀ ಹಲಗೆ ಪುಡಿಯಾಗುತ್ತದೆ. ಆದ್ದರಿಂದ ತೊಟ್ಟಿ ಸಾದಾ ಗಾಜಿನದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಹಾಗೆಯೇ ಮಾಳಿಗೆ ಟ್ಯಾಂಕುಗಳಿಗೆ ಹಾಕುವ ಪ್ಲಾಸ್ಟಿಕ್ ಟ್ಯಾಂಕ್ ನಿಪ್ಪಲ್ಲನ್ನು ಮೊದಲು ಕೈಯಲ್ಲಿ ಹಿಡಿದು, ಅದರ ತಿರುಪಿನ ಹೊರವ್ಯಾಸವನ್ನು ಅಳೆದ ನಂತರವೇ ತೂತಿನ ಗಾತ್ರವನ್ನು ನಿರ್ಧರಿಸಬೇಕು. ಒಂದು ಇಂಚಿನ ನಿಪ್ಪಲ್ ಎಂದರೆ ಒಂದು ಇಂಚಿನ ತೂತು ಎಂದು ಭಾವಿಸಿದರೆ ಗಾಜು ಹಾಳಾದಂತೆಯೇ.

ತೂತುಗಳ ಮುಂದೆ, ತೊಟ್ಟಿಯ ಒಳಗೆ, ಮೇಲಂಚಿನಲ್ಲಿ ಹಲ್ಲುಗಳಿರುವ ಸಣ್ಣ ಪೆಟ್ಟಿಗೆಯನ್ನು ಅಂಟಿಸಿದೆ. 16 ಇಂಚು ಎತ್ತರದ ಆ ಅಂಚನ್ನು ದಾಟಿದ ನೀರು ಮಾತ್ರ ಪೆಟ್ಟಿಗೆಗೆ ಬೀಳುತ್ತದೆ. ಒಂದು ಕೊಳವೆಯ ಬಾಯಿ ಕೆಳಮುಖವಾಗಿದ್ದು ಸದಾ ನೀರಿನಲ್ಲಿ ಮುಳುಗಿರುತ್ತದೆ; ಅದರ ಕೆಳಭಾಗದಲ್ಲಿರುವ ವಾಲ್ವನ್ನು ತಿರುಗಿಸಿ, ಪಂಪು ಎಷ್ಟು ನೀರು ಕಳುಹಿಸುತ್ತದೋ ಅಷ್ಟೇ ಇಳಿಯುವಂತೆ ಹೊಂದಿಸಿದರೆ ಕೊಳವೆಯೊಳಗೆ ಗಾಳಿ ಸೇರದೆ ಗೊಳಗೊಳ ಸದ್ದು ಪೂರ್ತಿ ನಿಲ್ಲುತ್ತದೆ. ಎರಡನೆಯ ಕೊಳವೆಯ ಬಾಯಿ ಸ್ವಲ್ಪ ಎತ್ತರದಲ್ಲಿ ಮೇಲ್ಮುಖವಾಗಿದೆ. ಎಲೆಯೋ ಬಸವನಹುಳುವೋ ಮೊದಲನೆಯದನ್ನು ಕಟ್ಟಿದರೆ ನೀರು ಎರಡನೆಯದರಲ್ಲಿ ಸದ್ದು ಮಾಡುತ್ತ ಇಳಿಯುತ್ತದೆ. ಆ ಸದ್ದೇ ನಮಗೆ ಎಚ್ಚರಿಕೆಯ ಗಂಟೆ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಅಂಗಡಿಗಳಲ್ಲಿ ಗೇಟ್ ವಾಲ್ವ್ ಕೇಳಿದರೆ ಹೆಚ್ಚಾಗಿ ಹಿತ್ತಾಳೆಯದನ್ನು ಕೊಡುತ್ತಾರೆ. ಹಿತ್ತಾಳೆಯಲ್ಲಿರುವ ತಾಮ್ರ ಸಿಗಡಿ ಮತ್ತು ಬಸವನಹುಳುಗಳಿಗೆ ವಿಷವಾಗಬಲ್ಲದಾದ್ದರಿಂದ ನಾನು ಪ್ಲಾಸ್ಟಿಕ್ಕಿನ ಬಾಲ್ ವಾಲ್ವಿಗೇ ತೃಪ್ತಿಪಟ್ಟೆ. ಕೂದಲೆಳೆಯಷ್ಟು ಸೂಕ್ಷ್ಮವಾಗಿ ತಿರುಗಿಸಲು ಅದು ಒಗ್ಗುವುದಿಲ್ಲ, ಸರಿಯಾದ ಜಾಗ ಹುಡುಕಲು ಅರ್ಧ ದಿನ ಹಿಡಿಯಿತು, ಆದರೆ ಒಮ್ಮೆ ಹೊಂದಿಸಿದ ಮೇಲೆ ತಿಂಗಳುಗಟ್ಟಲೆ ಮುಟ್ಟಬೇಕಾಗಿಲ್ಲ.

ಎರಡನೆಯ ಅವಘಡ ಐದನೆಯ ತಿಂಗಳಲ್ಲಿ ನಡೆಯಿತು, ಮತ್ತು ನಾನು ಕಲಿತದ್ದೆಲ್ಲ ಅದರಿಂದಲೇ. ಪಂಪಿನಿಂದ ಮೇಲೆ ಬರುವ ಕೊಳವೆಯ ಬಾಯಿ ಆಗ ನೀರಿನ ಮಟ್ಟಕ್ಕಿಂತ 4 ಇಂಚು ಕೆಳಗಿತ್ತು. ಕರೆಂಟು ಹೋದಾಗ ಅದೇ ಕೊಳವೆ ಸೈಫನ್ನಾಗಿ ತಿರುಗಿ ತೊಟ್ಟಿಯ ನೀರನ್ನು ಹಿಂದಕ್ಕೆ ಎಳೆಯದಿರಲೆಂದು, ನೀರಿನ ಮಟ್ಟದ ಸ್ವಲ್ಪ ಕೆಳಗೆ ಕೊಳವೆಗೆ 3 ಮಿಲಿಮೀಟರ್ ತೂತು ಕೊರೆದಿದ್ದೆ. ಮಟ್ಟ ಅಲ್ಲಿಗಿಳಿದೊಡನೆ ತೂತಿನಿಂದ ಗಾಳಿ ಹೊಕ್ಕು ಸೈಫನ್ ಕಡಿಯಬೇಕು. ನಾಲ್ಕು ತಿಂಗಳು ಹಾಗೆಯೇ ಆಯಿತು. ಐದನೆಯ ತಿಂಗಳಿಗೆ ಆ ತೂತನ್ನು ಪಾಚಿ ಮುಚ್ಚಿತ್ತು. ರಾತ್ರಿ ಕರೆಂಟು ಹೋದಾಗ ನಾಲ್ಕು ಇಂಚು ನೀರು, ಅಂದರೆ ಸುಮಾರು 57 ಲೀಟರ್, 30 ಲೀಟರ್ ಜಾಗವಿದ್ದ ಸಂಪಿಗೆ ಇಳಿದು, ಉಳಿದದ್ದು ನೆಲಕ್ಕೆ ಹರಿಯಿತು. ಸ್ಟ್ಯಾಂಡಿನ ಕೆಳಗಿನ ಪ್ಲೈವುಡ್ ಹಲಗೆ ಉಬ್ಬಿತು. ಪ್ಲಗ್ ಪಾಯಿಂಟು ಎತ್ತರದಲ್ಲಿದ್ದುದರಿಂದ ಅದಕ್ಕಿಂತ ದೊಡ್ಡ ಅನಾಹುತ ತಪ್ಪಿತು.

ಇಂಥ ಸಂದರ್ಭಕ್ಕೆ ಎನ್.ಆರ್.ವಿ. (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವು) ಹಾಕಿದರೆ ಸಾಲದೇ ಎಂದು ಪ್ಲಂಬರ್ ಕೇಳಿದರು. ಮಾಳಿಗೆ ಟ್ಯಾಂಕಿನ ಪೈಪಿಗೆ ಅದು ಸರಿಹೋದೀತು; ಆದರೆ ಪಾಚಿ, ಕಸ, ಮರಿ ಬಸವನಹುಳುಗಳು ಓಡಾಡುವ ನೀರಿನಲ್ಲಿ ಅದರ ಬಾಗಿಲು ಪೂರ್ತಿ ಮುಚ್ಚದಿರುವ ದಿನ ಬಂದೇ ಬರುತ್ತದೆ. ಕಸ ಸೇರಿದರೂ ಕೆಡದಂಥ ಉಪಾಯವೆಂದರೆ ಕೊಳವೆಯ ಬಾಯಿಯನ್ನೇ ಮೇಲೆತ್ತುವುದು. ಈಗ ನಮ್ಮ ಕೊಳವೆಯ ಬಾಯಿ ನೀರಿನ ಮಟ್ಟಕ್ಕಿಂತ ಒಂದೇ ಇಂಚು ಕೆಳಗಿದೆ. ತೂತು ಕಟ್ಟಿಕೊಂಡಿದ್ದರೂ ಇಳಿಯಬಹುದಾದದ್ದು ಒಂದು ಇಂಚಿನ 14 ಲೀಟರ್ ಮತ್ತು ಪೆಟ್ಟಿಗೆ, ಕೊಳವೆಗಳಲ್ಲಿರುವ ಮೂರು ನಾಲ್ಕು ಲೀಟರ್ ಮಾತ್ರ. ಸಂಪಿನ ಖಾಲಿ ಜಾಗದಲ್ಲಿ ಅದು ಮುಕ್ಕಾಲು ಭಾಗವನ್ನೂ ತುಂಬುವುದಿಲ್ಲ. ಸಂಪಿನ ಹೊರಗಾಜಿಗೆ ಕೆಂಪು ಟೇಪು ಅಂಟಿಸಿ, ಪಂಪು ಓಡುವಾಗ ನೀರು ಅದನ್ನು ಮೀರಬಾರದೆಂದು ಮನೆಯವರಿಗೆಲ್ಲ ಹೇಳಿದ್ದೇನೆ. ತಿಂಗಳಿಗೊಮ್ಮೆ ಸ್ವಿಚ್ಚು ಆರಿಸಿ, ಆ ತೂತಿಗೆ ಬೆರಳೊತ್ತಿ ಹಿಡಿದು, ನೀರು ಎಲ್ಲಿಗೆ ಬಂದು ನಿಲ್ಲುತ್ತದೆಂದು ನೋಡುವುದನ್ನು ತಪ್ಪಿಸಿಲ್ಲ.

ಈಗ ಶೋಧಕ ವಸ್ತುಗಳ ವಿಚಾರ. ಮೊದಲ ಕೋಣೆಯಲ್ಲಿ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ ಮತ್ತು ಅದರ ಕೆಳಗೆ ಒರಟು ಸ್ಪಾಂಜ್ ಇದೆ. ಹತ್ತಿಯನ್ನು ವಾರಕ್ಕೊಮ್ಮೆ ಬದಲಿಸುತ್ತೇನೆ. ಎರಡನೆಯ ಕೋಣೆಗೆ ಪೇಟೆಯಿಂದ ತಂದ ಸೆರಾಮಿಕ್ ಉಂಗುರಗಳು ಅರ್ಧ ಭಾಗ ತುಂಬಿದವು. ಉಳಿದರ್ಧಕ್ಕೆ ಊರಿನ ಮನೆಯ ಮಾಡಿನಿಂದ ಇಳಿಸಿದ್ದ ಒಡೆದ ಮಂಗಳೂರು ಹಂಚುಗಳನ್ನು ಅಡಿಕೆ ಗಾತ್ರಕ್ಕೆ ಕುಟ್ಟಿ, ಕೆಂಪು ನೀರು ಬಿಡುವುದು ನಿಲ್ಲುವವರೆಗೆ ತೊಳೆದು, ಗಾರೆ ಹತ್ತಿದ ಚೂರುಗಳು ಸೇರದಂತೆ ಒಂದೊಂದರ ಮೇಲೂ ವಿನೆಗರ್ ಹನಿಸಿ ನೊರೆಯೇಳುವವನ್ನು ಆರಿಸಿ ತೆಗೆದು ಹಾಕಿದ್ದೇನೆ. ಸುಟ್ಟ ಮಣ್ಣು ನೀರಿನಲ್ಲಿ ಏನನ್ನೂ ಕರಗಿಸುವುದಿಲ್ಲ, ಅದರ ಒರಟು ಮೈ ಬ್ಯಾಕ್ಟೀರಿಯಾಗಳಿಗೆ ಸಾಕಷ್ಟು ನೆಲೆ ಕೊಡುತ್ತದೆ. ಎಂಟನೆಯ ತಿಂಗಳಲ್ಲಿ ಉಂಗುರಗಳನ್ನು ಪೂರ್ತಿ ತೆಗೆದು ಇನ್ನೊಂದು ತೊಟ್ಟಿಗೆ ಕೊಟ್ಟೆ. ಹಂಚಿನ ಚೂರುಗಳಷ್ಟೇ ಉಳಿದ ಸಂಪಿನಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಅಳತೆ ಅಂದಿನಿಂದ ಇಂದಿನವರೆಗೆ ಸೊನ್ನೆಯನ್ನು ದಾಟಿಲ್ಲ. ಮೀನು ಕಿಕ್ಕಿರಿದ ತೊಟ್ಟಿಗೆ ಈ ಮಾತು ಅನ್ವಯಿಸದಿರಬಹುದು, ನಮ್ಮದರಲ್ಲಿ ಇರುವುದು ಹದಿನೈದು ಮೀನುಗಳು.

ಬ್ಯಾಕ್ಟೀರಿಯಾಗಳಿಗೆ ನೆಲೆಗಿಂತಲೂ ಮುಖ್ಯವಾದದ್ದು ಆಮ್ಲಜನಕ. ಮೀನಿನ ಕಿವಿರುಗಳಿಂದ ಮತ್ತು ಕಸದಿಂದ ಬರುವ ಅಮೋನಿಯಾವನ್ನು ಅವು ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೀಗೆ ಅಮೋನಿಯಾದ ಒಂದು ಮಿಲಿಗ್ರಾಂ ಸಾರಜನಕ ನೈಟ್ರೇಟ್ ಆಗಲು ಸುಮಾರು ನಾಲ್ಕೂವರೆ ಮಿಲಿಗ್ರಾಂ ಆಮ್ಲಜನಕ ವ್ಯಯವಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದ ಸಿಹಿನೀರು ಹಿಡಿದಿಟ್ಟುಕೊಳ್ಳುವುದು ಲೀಟರಿಗೆ ಸುಮಾರು 8.2 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ. ಮುಚ್ಚಿದ ಡಬ್ಬಿಯಂತಿರುವ ಕ್ಯಾನಿಸ್ಟರ್ ಫಿಲ್ಟರಿನಲ್ಲಿ ಕರೆಂಟು ಮೂರು ನಾಲ್ಕು ಗಂಟೆ ಹೋದರೆ ಒಳಗಿನ ಆಮ್ಲಜನಕ ಮುಗಿದು, ನೀರು ಕೊಳೆತ ವಾಸನೆಗೆ ತಿರುಗಿ, ಕರೆಂಟು ಬಂದೊಡನೆ ಅದೇ ನೀರು ತೊಟ್ಟಿಗೆ ನುಗ್ಗುತ್ತದೆ. ಸಂಪಿನ ಮೇಲ್ಭಾಗ ಗಾಳಿಗೆ ತೆರೆದಿರುವುದರಿಂದ ಆ ಸ್ಥಿತಿ ಬಹಳ ತಡವಾಗಿ ಬರುತ್ತದೆ. ನನ್ನ ಮಟ್ಟಿಗೆ ಸಂಪಿನ ಅತಿ ದೊಡ್ಡ ಹೆಚ್ಚುಗಾರಿಕೆ ಇದೇ.

ನಮ್ಮ ತೊಟ್ಟಿಯಲ್ಲಿರುವ ಡೆನಿಸನ್ ಬಾರ್ಬ್ ಮೀನುಗಳಿಗೆ ಇದರ ಲಾಭ ಕಣ್ಣಿಗೆ ಕಾಣುವಷ್ಟು ಸಿಕ್ಕಿದೆ. ಮಿಸ್ ಕೇರಳ ಎಂದೂ ಕರೆಯಲಾಗುವ, ಮೈಮೇಲೆ ಕೆಂಪು ಗೆರೆ ಎಳೆದಂತಿರುವ ಈ ಮೀನು ಪಶ್ಚಿಮ ಘಟ್ಟದ ವೇಗದ ಹೊಳೆಗಳದ್ದು, ಆಮ್ಲಜನಕ ಕಡಿಮೆಯಾದರೆ ಮೊದಲು ಬಳಲುವುದೂ ಇದೇ. ಅಳಿವಿನಂಚಿನ ಪಟ್ಟಿಯಲ್ಲಿರುವ ಈ ಮೀನನ್ನು ಕೊಳ್ಳುವವರು ಹೊಳೆಯಿಂದ ಹಿಡಿದದ್ದನ್ನು ಬಿಟ್ಟು, ಸಾಕಣೆಯಲ್ಲಿ ಮರಿ ಮಾಡಿಸಿದವನ್ನೇ ಕೇಳಿ ಪಡೆಯಬೇಕೆಂಬುದು ನನ್ನ ವಿನಂತಿ. ಮೊದಲು ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ಅವು ನೀರಿನ ಮೇಲ್ಪದರಕ್ಕೆ ಬಂದು ಬಾಯಿ ತೆರೆಯುತ್ತಿದ್ದವು. ಸಂಪು ಬಂದ ಮೇಲಿನ ಬೇಸಿಗೆಯಲ್ಲಿ ಹಾಗಾಗಲಿಲ್ಲ.

ಪಂಪಿನ ಪೆಟ್ಟಿಗೆಯ ಮೇಲೆ ಗಂಟೆಗೆ 3,000 ಲೀಟರ್ ಎಂದು ಬರೆದಿತ್ತು. ನಾಲ್ಕು ಅಡಿ ಎತ್ತರಕ್ಕೆ ಏರಿಸಿ, ಎರಡು ಎಲ್ಬೋ ದಾಟಿಸಿದ ಮೇಲೆ 20 ಲೀಟರಿನ ಬಕೆಟ್ಟು ತುಂಬಲು 55 ಸೆಕೆಂಡು ಹಿಡಿಯಿತು, ಅಂದರೆ ಗಂಟೆಗೆ 1,300 ಲೀಟರ್. ಇದು ಕಂಪನಿಯ ಮೋಸವಲ್ಲ, ಎತ್ತರಕ್ಕೆ ತೆರುವ ಬೆಲೆ. ಕ್ಯಾನಿಸ್ಟರಿನಲ್ಲಿ ಇಳಿಯುವ ನೀರಿನ ಭಾರವೇ ಏರುವ ನೀರನ್ನು ಸರಿದೂಗಿಸುವುದರಿಂದ ಚಿಕ್ಕ ಮೋಟಾರು ಸಾಕು. ಸಂಪಿನಲ್ಲಿ ಪ್ರತಿ ಲೀಟರನ್ನೂ ಹೊಸದಾಗಿ ಎತ್ತಬೇಕು. 40 ವ್ಯಾಟಿನ ನಮ್ಮ ಪಂಪು ತಿಂಗಳಿಗೆ ಸುಮಾರು 29 ಯೂನಿಟ್ ಬಳಸುತ್ತದೆ. ತೊಟ್ಟಿಯ ನೀರನ್ನು ಗಂಟೆಗೆ ಐದು ಬಾರಿ ಸುತ್ತಿಸಲು ಇದು ಸಾಕು, ಇದಕ್ಕಿಂತ ದೊಡ್ಡ ಪಂಪು ಬೇಡ.

ಖರ್ಚಿನ ಲೆಕ್ಕ ಹೀಗಿದೆ: ಗಾಜು ಮತ್ತು ಸಿಲಿಕೋನಿಗೆ 2,400, ಪಂಪಿಗೆ 2,200, ಕೊಳವೆ, ನಿಪ್ಪಲ್, ವಾಲ್ವುಗಳಿಗೆ 1,100, ಶೋಧಕ ವಸ್ತುಗಳಿಗೆ 900, ಕೊರೆಸಲು 600, ಒಟ್ಟು 7,200 ರೂಪಾಯಿ. ಸುಟ್ಟುಹೋದ ಮೊದಲ ಪಂಪು ಮತ್ತು ಉಬ್ಬಿದ ಪ್ಲೈವುಡ್ಡನ್ನು ಇದರಲ್ಲಿ ಸೇರಿಸಿಲ್ಲ. ಅವನ್ನೂ ಸೇರಿಸಿದರೆ ಒಳ್ಳೆಯ ಕ್ಯಾನಿಸ್ಟರ್ ಒಂದರ ಬೆಲೆಯ ಹತ್ತಿರಕ್ಕೆ ಬರುತ್ತದಾದ್ದರಿಂದ, ಹಣ ಉಳಿಸುವುದೊಂದೇ ಉದ್ದೇಶವಾಗಿರುವವರು ಈ ಕೆಲಸಕ್ಕೆ ಇಳಿಯಬಾರದು. ಎರಡು ಅಡಿಯ ತೊಟ್ಟಿಯವರಿಗೂ ಇದರ ಅಗತ್ಯವಿಲ್ಲ, ಸ್ಪಾಂಜ್ ಫಿಲ್ಟರ್ ಸಾಕು. ಇಂಗಾಲದ ಡೈಆಕ್ಸೈಡ್ ಹಾಯಿಸಿ ಗಿಡ ಬೆಳೆಸುವವರಿಗೆ ಸಂಪು ಒಗ್ಗುವುದು ಕಷ್ಟ. ನೀರು ಬಿದ್ದು ಕಲಕುವ ಕಡೆಯಲ್ಲೆಲ್ಲ ಆ ಅನಿಲ ಹಾರಿಹೋಗುತ್ತದೆ.

ನಿರ್ವಹಣೆಯಲ್ಲಿ ಮೂರು ವಿಷಯಗಳು ಗಮನ ಬೇಡುತ್ತವೆ. ಕಾವೇರಿ ನೀರಿನಲ್ಲಿರುವ ಕ್ಲೋರಿನ್ ಹಂಚಿನ ಮೇಲಿನ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವುದರಿಂದ, ನೀರು ಬದಲಿಸುವಾಗ ಮೀನಿನಂಗಡಿಗಳಲ್ಲಿ ಹೈಪೋ ಎಂದು ಕೊಡುವ ಸೋಡಿಯಂ ಥಯೋಸಲ್ಫೇಟ್ ಹರಳುಗಳನ್ನು ಕರಗಿಸಿದ ನಂತರವೇ ಸುರಿಯಬೇಕು. ಅದೇ ಕಾರಣಕ್ಕೆ ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿಯದೆ, ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಬೇಕು. ಎರಡನೆಯದಾಗಿ, ನೀರಿನ ಹತ್ತಿರ ಹಗಲಿರುಳು ಕರೆಂಟು ಓಡುವುದರಿಂದ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. (ಕರೆಂಟು ಸೋರಿದೊಡನೆ ತಾನಾಗಿ ಆರುವ ಸ್ವಿಚ್ಚು) ಇಲ್ಲದ ಮನೆಯಲ್ಲಿ ಸಂಪನ್ನು ನಡೆಸಲೇಬಾರದು, ಮತ್ತು ಪಂಪಿನ ತಂತಿ ಪ್ಲಗ್ಗಿಗೆ ಏರುವ ಮೊದಲು ಕೆಳಗೆ ಜೋತುಬಿದ್ದು ಮೇಲೇರುವಂತೆ ಇರಬೇಕು. ತಂತಿಯ ಮೇಲೆ ಜಾರಿದ ಹನಿ ಆ ಬಾಗಿನಲ್ಲಿ ನೆಲಕ್ಕೆ ಬೀಳುತ್ತದೆ. ಮೂರನೆಯದು ಸೊಳ್ಳೆ. ಹರಿಯುವ ನೀರಿನಲ್ಲಿ ಅವು ಮೊಟ್ಟೆಯಿಡುವುದಿಲ್ಲವೆಂದು ನಾನು ನಂಬಿದ್ದೆ, ಆದರೆ ಎರಡನೆಯ ಕೋಣೆಯ ಮೂಲೆಯಲ್ಲಿ ನೀರು ಹೆಚ್ಚುಕಡಿಮೆ ನಿಂತೇ ಇತ್ತು, ಅಲ್ಲಿ ಮರಿಹುಳುಗಳು ಕಾಣಿಸಿಕೊಂಡವು. ಡೆಂಗಿಯ ಕಾಲದಲ್ಲಿ ಮನೆಮನೆಗೆ ಬಂದು ನಿಂತ ನೀರು ನೋಡುವ ಆಶಾ ಕಾರ್ಯಕರ್ತೆಯರ ಶ್ರಮವನ್ನು ಬಲ್ಲವರು ಇದನ್ನು ಹಗುರವಾಗಿ ಪರಿಗಣಿಸಲಾರರು. ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯನ್ನು ಚೌಕಟ್ಟಿಗೆ ಬಿಗಿದು ಸಂಪಿನ ಮೇಲೆ ಮುಚ್ಚಿದ ನಂತರ ಆ ತೊಂದರೆ ಮರುಕಳಿಸಿಲ್ಲ.

ಉಳಿದಿರುವ ಒಂದು ಕೊರತೆ ಆವಿಯಾಗುವಿಕೆಯದ್ದು. ಮೇಲಿನ ತೊಟ್ಟಿಯ ಮಟ್ಟ ಪೆಟ್ಟಿಗೆಯ ಅಂಚಿನಿಂದಲೂ ಮೊದಲ ಎರಡು ಕೋಣೆಗಳ ಮಟ್ಟ ಅಡ್ಡಗಾಜುಗಳಿಂದಲೂ ನಿಗದಿಯಾಗುವುದರಿಂದ, ಇಡೀ ವ್ಯವಸ್ಥೆಯಿಂದ ಆರಿಹೋದ ನೀರಿನ ಇಳಿಕೆಯೆಲ್ಲ ಪಂಪಿನ ಚಿಕ್ಕ ಕೋಣೆಯೊಂದರಲ್ಲೇ ಕಾಣಿಸುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಎರಡು ಲೀಟರ್ ಆರಿದರೆ ಅಲ್ಲಿ ಒಂದೂಕಾಲು ಇಂಚು ಇಳಿಯುತ್ತದೆ. ಮೂರು ದಿನ ಊರಿಗೆ ಹೋಗಿಬರುವಷ್ಟರಲ್ಲಿ ಪಂಪಿನ ತಲೆ ಹೊರಗೆ ಕಾಣುತ್ತದೆ. ಕೋಣೆಯನ್ನು ದೊಡ್ಡದು ಮಾಡಿದರೆ ಇದು ತಪ್ಪುತ್ತದೆ, ಆದರೆ ಆಗ ಕೊಳವೆ ಕಟ್ಟಿಕೊಂಡ ದಿನ ಮೇಲಿನ ತೊಟ್ಟಿ ಉಕ್ಕುತ್ತದೆ. ಹಾಗಾಗಿ ಕೋಣೆಯನ್ನು ಇದ್ದಂತೆಯೇ ಬಿಟ್ಟು, ಪಕ್ಕದಲ್ಲಿ ಹತ್ತು ಲೀಟರಿನ ಕ್ಯಾನನ್ನು ಸ್ವಲ್ಪ ಎತ್ತರದಲ್ಲಿಟ್ಟು, ಮಟ್ಟ ಇಳಿದಾಗ ಮಾತ್ರ ನೀರು ಬಿಡುವ ಸಣ್ಣ ಫ್ಲೋಟ್ ವಾಲ್ವನ್ನು ಕಳೆದ ತಿಂಗಳು ಜೋಡಿಸಿದ್ದೇನೆ. ಕರೆಂಟು ಹೋದಾಗ ಪಂಪಿನ ಕೋಣೆಯ ಮಟ್ಟ ಏರುವುದರಿಂದ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ವಾಲ್ವು ಕೈಕೊಟ್ಟು ಕ್ಯಾನಿನ ಹತ್ತು ಲೀಟರೂ ಇಳಿದರೂ ಸಂಪಿನಲ್ಲಿ ಅದಕ್ಕೂ ಜಾಗವಿದೆ ಎಂಬುದನ್ನು ಮೊನ್ನೆ ಭಾನುವಾರ ಪಂಪು ನಿಲ್ಲಿಸಿ, ಕ್ಯಾನನ್ನು ಪೂರ್ತಿ ಸುರಿದು ನೋಡಿದೆ. ನೀರು ಸಂಪಿನ ಅಂಚಿನ ಕೆಳಗೇ ನಿಂತಿತು.